ತಂದೆ ಸೇನೆಯಲ್ಲಿದ್ದಾಗ: ಮಗುವಿನ ಪಿತೃತ್ವ ಮತ್ತು ಜೀವನಾಂಶಕ್ಕೆ ಕಾನೂನಿನ ದಾರಿ

ಮಡಿಕೇರಿಯಲ್ಲಿ ಉಚಿತ ಕಾನೂನು ನೆರವಿನ ಮೇಜಿನ ಬಳಿ ನಾನು ಸ್ವಯಂಸೇವಕಿಯಾಗಿ ಕುಳಿತ ದಿನಗಳಲ್ಲಿ, ಮಗುವನ್ನು ಸೊಂಟದ ಮೇಲೆ ಹೊತ್ತು ಬರುವ ಕೆಲವು ತಾಯಂದಿರು ಮೊದಲು ಕೈಚೀಲದಿಂದ ತೆಗೆದು ತೋರಿಸುತ್ತಿದ್ದದ್ದು ತಾಯಿ ಕಾರ್ಡನ್ನು. ಅದರಲ್ಲಿ ಆಶಾ ಕಾರ್ಯಕರ್ತೆಯ ಕೈಬರಹದಲ್ಲಿ ಗಂಡನ ಹೆಸರು, ಪಕ್ಕದಲ್ಲಿ ‘ಮಿಲಿಟರಿ’ ಎಂಬ ಒಂದೇ ಪದ ಇರುತ್ತಿತ್ತು. ಅವನು ಯಾವ ದಳದವನು, ಅವನ ನಂಬರ್ ಏನು, ಈಗ ಎಲ್ಲಿದ್ದಾನೆ ಎಂದು ಕೇಳಿದರೆ ಹೆಚ್ಚಿನವರಲ್ಲಿ ಉತ್ತರವಿರುತ್ತಿರಲಿಲ್ಲ. ಉತ್ತರ ಗೊತ್ತಿದ್ದವರಲ್ಲಿಯೂ ಕೆಲವರು, ‘ಸೈನಿಕನ ಮೇಲೆ ಕೇಸು ಹಾಕಿದರೆ ಊರಿನವರು ಏನೆನ್ನುತ್ತಾರೆ’ ಎಂಬ ಅಳುಕಿನಿಂದ ಅರ್ಧದಲ್ಲೇ ಎದ್ದು ಹೋಗಿದ್ದಾರೆ.

ಆ ಅಳುಕಿಗೆ ಕಾರಣವಿದೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಮತ್ತು ಜನರಲ್ ತಿಮ್ಮಯ್ಯ ಹುಟ್ಟಿದ ಜಿಲ್ಲೆ ನಮ್ಮದು. ಸಮವಸ್ತ್ರದ ಫೋಟೋ ಗೋಡೆಯ ಮೇಲಿರುವ ಮನೆಗಳು ಇಲ್ಲಿ ಊರೂರಿಗೂ ಇವೆ, ನನ್ನ ಮನೆಯೂ ಅಂಥದ್ದೇ. ಆದರೆ ಜೀವನಾಂಶ ಕೇಳುವುದು ಸೇನೆಗೆ ಅಗೌರವ ತೋರಿಸಿದಂತೆ ಎಂದು ಭಾವಿಸುವವರು ಒಂದು ಸಂಗತಿಯನ್ನು ತಿಳಿಯಬೇಕು. ಸೈನಿಕನೊಬ್ಬನು ತನ್ನ ಹೆಂಡತಿಗೆ ಹಾಗೂ ಮಗುವಿಗೆ ಕೊಡಬೇಕಾದ ಜೀವನಾಂಶವನ್ನು ಅವನ ಸಂಬಳದಿಂದಲೇ ಕಡಿತ ಮಾಡಬಹುದು ಎಂದು 1950ರ ಸೇನಾ ಕಾಯ್ದೆಯೇ ಹೇಳುತ್ತದೆ. ಮದುವೆಯಲ್ಲಿ ಹುಟ್ಟಿದ ಮಗು, ಮದುವೆಯ ಹೊರಗೆ ಹುಟ್ಟಿದ ಮಗು, ಇಬ್ಬರನ್ನೂ ಆ ಕಾಯ್ದೆ ಹೆಸರಿಸಿಯೇ ಸೇರಿಸಿದೆ. ಅಧಿಕಾರಿಗಳಿಗೆ 90ನೇ ಕಲಂ, ಉಳಿದ ಸೈನಿಕರಿಗೆ 91ನೇ ಕಲಂ ಅನ್ವಯಿಸುತ್ತದೆ. ಸೇನೆ ತಾನೇ ಒಪ್ಪಿಕೊಂಡ ಹೊಣೆಯನ್ನು ನೆನಪಿಸುವುದರಲ್ಲಿ ಅಗೌರವವೇನೂ ಇಲ್ಲ.

ಈ ವಿಷಯದಲ್ಲಿ ಗೊಂದಲ ಹುಟ್ಟುವುದು ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಎಂದುಕೊಳ್ಳುವುದರಿಂದ. ಈ ಮಗುವಿನ ತಂದೆ ಯಾರು ಎಂಬುದು ಮೊದಲನೆಯದು. ತಂದೆಯೆಂದು ಗೊತ್ತಾದವನಿಂದ ತಿಂಗಳು ತಿಂಗಳೂ ಹಣ ತಾಯಿಯ ಕೈಸೇರುವುದು ಹೇಗೆ ಎಂಬುದು ಎರಡನೆಯದು. ಮೊದಲನೆಯದಕ್ಕೆ ಉತ್ತರ ಕೊಡುವ ಅಧಿಕಾರ ನ್ಯಾಯಾಲಯಕ್ಕೆ ಮಾತ್ರ ಇದೆ. ಎರಡನೆಯದರಲ್ಲಿ ಸೇನೆ ದೊಡ್ಡ ನೆರವಾಗಬಲ್ಲದು. ತಂದೆ ‘ಈ ಮಗು ನನ್ನದಲ್ಲ’ ಎಂದು ಪಟ್ಟು ಹಿಡಿದಿರುವಾಗ ಕಮಾಂಡಿಂಗ್ ಆಫೀಸರಿಗೆ ಹತ್ತು ಪತ್ರ ಬರೆದರೂ ಅವರು ಪಿತೃತ್ವವನ್ನು ತೀರ್ಮಾನಿಸಲಾರರು. ಹಾಗೆಯೇ ನ್ಯಾಯಾಲಯದ ಆದೇಶ ಕೈಗೆ ಬಂದ ಮೇಲೆ ಅದನ್ನು ಸೇನೆಯ ಸರಿಯಾದ ಕಚೇರಿಗೆ ತಲುಪಿಸದೆ ಕುಳಿತರೆ ಹಣ ತಾನಾಗಿ ಬರುವುದಿಲ್ಲ.

ಮದುವೆಯಾಗಿದ್ದರೆ

ತಾಯಿ ಮತ್ತು ಸೈನಿಕನ ಮದುವೆ ಕಾನೂನುಬದ್ಧವಾಗಿ ನಡೆದಿದ್ದು, ಮಗು ಆ ಮದುವೆ ಊರ್ಜಿತದಲ್ಲಿರುವಾಗ ಹುಟ್ಟಿದ್ದರೆ, ಪಿತೃತ್ವವನ್ನು ತಾಯಿ ಸಾಬೀತುಪಡಿಸಬೇಕಾದ ಅಗತ್ಯವೇ ಇರುವುದಿಲ್ಲ. ಹಿಂದೆ ಸಾಕ್ಷ್ಯ ಕಾಯ್ದೆಯ 112ನೇ ಕಲಮಿನಲ್ಲಿದ್ದ ನಿಯಮ ಈಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 116ನೇ ಕಲಮಿನಲ್ಲಿದೆ. ಮದುವೆ ಮುಂದುವರಿದಿರುವಾಗ, ಅಥವಾ ಅದು ಮುರಿದು ತಾಯಿ ಮರುಮದುವೆಯಾಗದೆ ಇರುವಾಗ 280 ದಿನಗಳೊಳಗೆ, ಮಗು ಹುಟ್ಟಿದರೆ ಅದು ಆ ಗಂಡನದೇ ಎಂಬುದಕ್ಕೆ ಆ ಜನನವೇ ನಿರ್ಣಾಯಕ ಪುರಾವೆ. ಈ ಊಹೆಯನ್ನು ಮುರಿಯಬೇಕಾದರೆ, ಗರ್ಭ ನಿಲ್ಲಬಹುದಾಗಿದ್ದ ಕಾಲದಲ್ಲಿ ಗಂಡ ಹೆಂಡತಿ ಒಬ್ಬರನ್ನೊಬ್ಬರು ಸೇರುವ ಅವಕಾಶವೇ ಇರಲಿಲ್ಲ ಎಂದು ಗಂಡನೇ ತೋರಿಸಬೇಕು.

ಸೈನಿಕರ ಪ್ರಕರಣಗಳಲ್ಲಿ ಈ ‘ಅವಕಾಶ’ ಎಂಬ ಒಂದು ಪದದ ಸುತ್ತಲೇ ವಾದ ನಡೆಯುತ್ತದೆ. ‘ನಾನು ಆಗ ಗಡಿಯಲ್ಲಿದ್ದೆ’ ಎಂಬುದು ಸಾಮಾನ್ಯವಾಗಿ ಕೇಳಿಬರುವ ಉತ್ತರ. ಕೇಳಿದ ತಕ್ಷಣ ತಾಯಿ ಎದೆಗುಂದುತ್ತಾಳೆ, ಆದರೆ ಕಾಗದದಲ್ಲಿ ಪರಿಶೀಲಿಸಲು ಇದರಷ್ಟು ಸುಲಭವಾದ ಮಾತು ಇನ್ನೊಂದಿಲ್ಲ. ಸೈನಿಕನ ಒಂದೊಂದು ರಜೆಯೂ ಸೇನೆಯ ದಾಖಲೆಯಲ್ಲಿ ಇರುತ್ತದೆ. ಯಾವ ದಿನ ಘಟಕ ಬಿಟ್ಟ, ಯಾವ ದಿನ ಮರಳಿ ವರದಿ ಮಾಡಿಕೊಂಡ ಎಂಬುದನ್ನು ನ್ಯಾಯಾಲಯ ಆ ಘಟಕದಿಂದ ತರಿಸಿಕೊಳ್ಳಬಹುದು. ಹುತ್ತರಿಗೆಂದು ಡಿಸೆಂಬರ್ ಮೊದಲ ವಾರ ರಜೆಯ ಮೇಲೆ ಊರಿಗೆ ಬಂದವನ ಮಗು ಆಗಸ್ಟ್ ಕೊನೆಯಲ್ಲೋ ಸೆಪ್ಟೆಂಬರ್ ಆರಂಭದ ಕೈಲ್‌ಪೋಳ್ದ್ ಹಬ್ಬದ ಹೊತ್ತಿಗೋ ಹುಟ್ಟಿದರೆ ಲೆಕ್ಕ ಸರಿಯಾಗಿಯೇ ಕೂಡುತ್ತದೆ. ಆದ್ದರಿಂದ ಅರ್ಜಿ ಬರೆಯುವ ಮೊದಲು ತಾಯಿ ಮಾಡಬೇಕಾದ ಮೊದಲ ಕೆಲಸವೆಂದರೆ ಶಾಂತವಾಗಿ ಕುಳಿತು ತಾರೀಖುಗಳನ್ನು ಬರೆದಿಟ್ಟುಕೊಳ್ಳುವುದು: ಅವನು ಬಂದದ್ದು ಯಾವಾಗ, ಯಾವ ಹಬ್ಬಕ್ಕೆ ಅಥವಾ ಯಾರ ಮದುವೆಗೆ, ಎಷ್ಟು ದಿನ ಇದ್ದ, ಯಾವ ಬಸ್ಸಿಗೆ ಅಥವಾ ರೈಲಿಗೆ ಹೊರಟ. ತಾಯಿ ಕಾರ್ಡಿನಲ್ಲಿ ಕೊನೆಯ ಮುಟ್ಟಿನ ದಿನಾಂಕ ಇರುತ್ತದೆ, ಆಸ್ಪತ್ರೆಯ ಸ್ಕ್ಯಾನ್ ವರದಿಯಲ್ಲಿ ಗರ್ಭದ ವಾರಗಳ ಎಣಿಕೆ ಇರುತ್ತದೆ. ಇವೆರಡನ್ನೂ ಆತನ ರಜೆಯ ದಾಖಲೆಯ ಪಕ್ಕದಲ್ಲಿಟ್ಟಾಗ ಅರ್ಧದಷ್ಟು ವಿವಾದ ತಾನಾಗಿ ಇಳಿದುಹೋಗುತ್ತದೆ.

ಮದುವೆಯಾದ ಸೈನಿಕನ ವಿಷಯದಲ್ಲಿ ಇನ್ನೊಂದು ಬಲವಾದ ದಾಖಲೆ ಸೇನೆಯ ಒಳಗೇ ಇರುತ್ತದೆ. ಮದುವೆಯಾದದ್ದು, ಮಗು ಹುಟ್ಟಿದ್ದು ಮುಂತಾದ ಸಂಗತಿಗಳನ್ನು ಸೈನಿಕ ತನ್ನ ಘಟಕಕ್ಕೆ ತಿಳಿಸಿದಾಗ ಅವು ‘ಪಾರ್ಟ್ ಟು ಆರ್ಡರ್’ ಎಂಬ ಆದೇಶದಲ್ಲಿ ಪ್ರಕಟವಾಗಿ ಅವನ ಸೇವಾ ದಾಖಲೆಗೆ ಸೇರುತ್ತವೆ. ಮಗುವಿನ ಹೆಸರು ಅದರಲ್ಲಿದ್ದರೆ, ಅಥವಾ ಅವಲಂಬಿತರ ಕಾರ್ಡಿನಲ್ಲಿದ್ದರೆ, ತಂದೆ ಒಂದು ಕಾಲಕ್ಕೆ ತಾನೇ ಮಗುವನ್ನು ಒಪ್ಪಿಕೊಂಡಿದ್ದ ಎಂದಾಯಿತು. ಜಗಳವಾದ ಮೇಲೆ ಅದನ್ನು ಅಲ್ಲಗಳೆಯುವುದು ಅವನಿಗೆ ಸುಲಭವಲ್ಲ.

ಇದೇ ನಿಯಮಕ್ಕೆ ಇನ್ನೊಂದು ಮುಖವೂ ಇದೆ, ಅದನ್ನು ಮುಚ್ಚಿಡುವುದು ತಪ್ಪಾಗುತ್ತದೆ. ತಾಯಿ ಬೇರೊಬ್ಬನೊಂದಿಗೆ ವಿವಾಹಿತಳಾಗಿರುವಾಗ ಮಗು ಹುಟ್ಟಿದ್ದರೆ, ಜೈವಿಕ ತಂದೆ ಸೈನಿಕನೇ ಎಂದು ಅವಳಿಗೆ ಖಚಿತವಿದ್ದರೂ, ಕಾನೂನು ಮೊದಲು ನೋಡುವುದು ಅವಳ ಗಂಡನ ಕಡೆಗೆ. 2025ರ ಜನವರಿಯಲ್ಲಿ ಕೇರಳದ ಪ್ರಕರಣವೊಂದನ್ನು ತೀರ್ಮಾನಿಸುತ್ತಾ ಸುಪ್ರೀಂ ಕೋರ್ಟ್ ಈ ನಿಲುವನ್ನು ಮತ್ತೆ ಸ್ಪಷ್ಟಪಡಿಸಿತು. ಗಂಡ ಹೆಂಡತಿ ಸೇರುವ ಅವಕಾಶವಿರಲಿಲ್ಲ ಎಂದು ತೋರಿಸದ ಹೊರತು ಆ ಮಗುವಿನ ತಂದೆ ಗಂಡನೇ, ಹೊರಗಿನವನನ್ನು ಡಿಎನ್‌ಎ ಪರೀಕ್ಷೆಗೆ ಎಳೆಯಲಾಗದು. ಅಂಥ ಸ್ಥಿತಿಯಲ್ಲಿರುವ ತಾಯಿ ಅರ್ಜಿ ಹಾಕುವ ಮೊದಲೇ ವಕೀಲರೊಂದಿಗೆ ಇದನ್ನು ಮುಚ್ಚುಮರೆಯಿಲ್ಲದೆ ಮಾತಾಡಬೇಕು.

ಮದುವೆಯಾಗಿರದಿದ್ದರೆ

ನನ್ನ ಅನುಭವದಲ್ಲಿ ಅತ್ಯಂತ ಕಷ್ಟದ ಪ್ರಕರಣಗಳು ಇವೇ. ತೋಟದ ಲೈನ್ ಮನೆಯಲ್ಲಿ ಬೆಳೆದ ಹುಡುಗಿ, ರಜೆಗೆ ಬಂದ ಹುಡುಗ, ಮುಂದಿನ ರಜೆಗೆ ಮದುವೆ ಎಂಬ ಮಾತು, ಆಮೇಲೆ ಕರೆ ಸ್ವೀಕರಿಸದ ಫೋನು. ಹೀಗೆ ಹುಟ್ಟಿದ ಮಗುವನ್ನು ಕಾನೂನಿನ ಕನ್ನಡದಲ್ಲಿ ‘ಅನೌರಸ’ ಎನ್ನುತ್ತಾರೆ, ಊರಿನ ಬಾಯಲ್ಲಿ ಇನ್ನೂ ಕೆಟ್ಟ ಪದಗಳಿವೆ. ಆದರೆ ಜೀವನಾಂಶದ ಕಾನೂನು ಈ ಎರಡು ಬಗೆಯ ಮಕ್ಕಳ ನಡುವೆ ಭೇದ ಮಾಡುವುದಿಲ್ಲ. ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಾಗಿದೆ. ಸಾಕಷ್ಟು ಆದಾಯವಿದ್ದೂ ತನ್ನನ್ನು ತಾನು ಪೋಷಿಸಿಕೊಳ್ಳಲಾಗದ ಮಗುವನ್ನು ಕಡೆಗಣಿಸುವ ತಂದೆ, ಮಗು ಮದುವೆಯೊಳಗಿನದಾಗಲಿ ಹೊರಗಿನದಾಗಲಿ, ಜೀವನಾಂಶ ಕೊಡಬೇಕು. ಇದು ಯಾವ ಧರ್ಮದವರಿಗೂ ಅನ್ವಯಿಸುತ್ತದೆ. ಹಿಂದೂಗಳಿಗೆ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಕಲಂ ಕೂಡ ಇದೇ ಹೊಣೆಯನ್ನು ವಿಧಿಸುತ್ತದೆ.

ಈ ಹಕ್ಕು ಮಗುವಿನದು, ತಾಯಿ ಮಗುವಿನ ಪರವಾಗಿ ಕೇಳುವವಳು ಮಾತ್ರ. ಇದನ್ನು ಒತ್ತಿ ಹೇಳಬೇಕಾದ ಕಾರಣ, ಊರಿನ ಹಿರಿಯರು ಕೂತು ಒಂದಿಷ್ಟು ಹಣ ಕೊಡಿಸಿ, ‘ಇನ್ನು ಮುಂದೆ ಏನನ್ನೂ ಕೇಳುವುದಿಲ್ಲ’ ಎಂದು ಛಾಪಾ ಕಾಗದದ ಮೇಲೆ ತಾಯಿಯ ಸಹಿ ಹಾಕಿಸಿಕೊಳ್ಳುವ ರೂಢಿ ಇದೆ. ಅಂಥ ಪತ್ರಕ್ಕೆ ಸಹಿ ಮಾಡಿದ್ದೇನೆಂದು ಹೆದರಿ ವರ್ಷಗಟ್ಟಲೆ ಸುಮ್ಮನಿದ್ದವರನ್ನು ನಾನು ಕಂಡಿದ್ದೇನೆ. ಮಗುವಿನ ಜೀವನಾಂಶದ ಹಕ್ಕನ್ನು ತಾಯಿ ಬರೆದುಕೊಟ್ಟು ಕಳೆಯಲಾಗದು. ಆ ಪತ್ರದಿಂದ ಮಗುವಿನ ಅರ್ಜಿಯ ಬಾಗಿಲು ಮುಚ್ಚುವುದಿಲ್ಲ.

ಮದುವೆಯ ಊಹೆ ಇಲ್ಲದ ಕಾರಣ ಇಲ್ಲಿ ಪಿತೃತ್ವವನ್ನು ಸಾಕ್ಷ್ಯದಿಂದ ಕಟ್ಟಬೇಕಾಗುತ್ತದೆ. ಒಟ್ಟಿಗಿದ್ದ ಮನೆಯ ಬಾಡಿಗೆ, ನೆರೆಯವರ ಮಾತು, ಹೆರಿಗೆಯ ಸಮಯದಲ್ಲಿ ಅವನು ಕಳುಹಿಸಿದ ಹಣದ ಬ್ಯಾಂಕ್ ವಿವರ, ಆಸ್ಪತ್ರೆಯ ದಾಖಲಾತಿ, ಅಂಗನವಾಡಿಯ ನೋಂದಣಿ, ಫೋಟೋಗಳು, ಇವೆಲ್ಲ ಒಂದೊಂದಾಗಿ ಚಿಕ್ಕವು, ಒಟ್ಟಾದಾಗ ತೂಕದವು. ವಾಟ್ಸ್‌ಆ್ಯಪ್ ಸಂದೇಶಗಳಿದ್ದರೆ ಅವಿರುವ ಫೋನನ್ನು ಮಾರಬಾರದು, ರೀಸೆಟ್ ಮಾಡಬಾರದು. ಸ್ಕ್ರೀನ್‌ಶಾಟಿನ ಪ್ರಿಂಟ್ ಮಾತ್ರ ಸಾಲದು. ವಿದ್ಯುನ್ಮಾನ ದಾಖಲೆಯನ್ನು ಸಾಕ್ಷ್ಯವಾಗಿ ಹಾಜರುಪಡಿಸಲು ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಪ್ರಮಾಣಪತ್ರವೊಂದನ್ನು ಲಗತ್ತಿಸಬೇಕು, ಅದರ ನಮೂನೆ ಆ ಕಾಯ್ದೆಯಲ್ಲಿಯೇ ಇದೆ. ಜನನ ಪ್ರಮಾಣಪತ್ರದಲ್ಲಿ ತಂದೆಯ ಹೆಸರಿದ್ದರೆ ಅದೂ ಸಾಕ್ಷ್ಯವೇ, ಆದರೆ ಅದೊಂದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ. ತಂದೆಯ ಹೆಸರಿಲ್ಲವೆಂದು ಜನನ ನೋಂದಣಿಯನ್ನೇ ಬಿಟ್ಟುಬಿಟ್ಟವರಿದ್ದಾರೆ. ಅದು ಬೇಡ. ಅವಿವಾಹಿತ ತಾಯಿ ಅಫಿಡವಿಟ್ ಕೊಟ್ಟು ಕೇಳಿದರೆ ತಂದೆಯ ಹೆಸರಿಲ್ಲದೆಯೂ ಜನನ ಪ್ರಮಾಣಪತ್ರ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2015ರಲ್ಲಿಯೇ ಹೇಳಿದೆ.

ತಾಯಿಗೆ ಆಗ 18 ವರ್ಷ ತುಂಬಿರಲಿಲ್ಲ ಎಂದಾದರೆ ವಿಷಯ ಪೋಕ್ಸೊ ಕಾಯ್ದೆಗೆ ಹೋಗುತ್ತದೆ. ಮದುವೆಯಾಗುವುದಾಗಿ ವಂಚಿಸಿದ್ದರೆ ಪೊಲೀಸ್ ದೂರಿಗೂ ಅವಕಾಶವಿದೆ. ಆದರೆ ಕ್ರಿಮಿನಲ್ ದೂರು ಮತ್ತು ಜೀವನಾಂಶದ ಅರ್ಜಿ ಬೇರೆ ಬೇರೆ. ಒಂದರ ತೀರ್ಪಿಗಾಗಿ ಇನ್ನೊಂದನ್ನು ಕಾಯಿಸಬೇಕಿಲ್ಲ.

ಡಿಎನ್‌ಎ ಪರೀಕ್ಷೆ

ನಮ್ಮ ದೇಹದ ಡಿಎನ್‌ಎಯಲ್ಲಿ ಕೆಲವು ಗೊತ್ತಾದ ಜಾಗಗಳಲ್ಲಿ ಒಂದು ಚಿಕ್ಕ ತುಣುಕು ಮತ್ತೆ ಮತ್ತೆ ಬರುತ್ತದೆ. ಎಷ್ಟು ಸಲ ಬರುತ್ತದೆ ಎಂಬುದು ಮನುಷ್ಯನಿಂದ ಮನುಷ್ಯನಿಗೆ ಬದಲಾಗುತ್ತದೆ. ಪ್ರತಿ ಜಾಗಕ್ಕೂ ಎರಡು ಎಣಿಕೆಗಳಿರುತ್ತವೆ, ಒಂದು ತಾಯಿಯಿಂದ ಬಂದದ್ದು, ಇನ್ನೊಂದು ತಂದೆಯಿಂದ ಬಂದದ್ದು. ಮಗುವಿನಲ್ಲಿ ಒಂದು ಜಾಗದಲ್ಲಿ 12 ಮತ್ತು 15 ಇದ್ದು, ತಾಯಿಯಲ್ಲಿ 12 ಮತ್ತು 14 ಇದ್ದರೆ, ಆ 15 ತಂದೆಯಿಂದಲೇ ಬಂದಿರಬೇಕು. ತಂದೆಯೆನ್ನಲಾದವನಲ್ಲಿ 9 ಮತ್ತು 11 ಇದ್ದರೆ ಅಲ್ಲಿ ಹೊಂದಾಣಿಕೆ ಇಲ್ಲ. ಒಂದು ಜಾಗದ ವ್ಯತ್ಯಾಸ ಅಪರೂಪದ ರೂಪಾಂತರದಿಂದಲೂ ಆಗಬಹುದಾದ್ದರಿಂದ ಪ್ರಯೋಗಾಲಯಗಳು ಹಲವು ಜಾಗಗಳನ್ನು ನೋಡಿ ತೀರ್ಮಾನಿಸುತ್ತವೆ. ಹಲವು ಕಡೆ ಹೊಂದದಿದ್ದರೆ ಅವನು ತಂದೆಯಲ್ಲ. ಎಲ್ಲ ಕಡೆ ಹೊಂದಿದರೆ ಪಿತೃತ್ವದ ಸಂಭಾವ್ಯತೆ ಶೇ. 99ನ್ನು ಮೀರಿ ಹೋಗುತ್ತದೆ. ಇದಕ್ಕೆ ಬೇಕಾಗುವುದು ಸ್ವಲ್ಪ ರಕ್ತ ಅಥವಾ ಕೆನ್ನೆಯ ಒಳಭಾಗದಿಂದ ಹತ್ತಿಯಲ್ಲಿ ಒರೆಸಿ ತೆಗೆದ ಮಾದರಿ. ಕರ್ನಾಟಕದಲ್ಲಿ ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ, ಕೆಲವೊಮ್ಮೆ ಹೈದರಾಬಾದಿನ ಡಿಎನ್‌ಎ ಫಿಂಗರ್‌ಪ್ರಿಂಟಿಂಗ್ ಕೇಂದ್ರಕ್ಕೆ ನ್ಯಾಯಾಲಯಗಳು ಮಾದರಿ ಕಳುಹಿಸುತ್ತವೆ. ಕದ್ದು ತಂದ ಕೂದಲನ್ನು ಖಾಸಗಿ ಲ್ಯಾಬಿಗೆ ಕೊಟ್ಟು ತಂದ ವರದಿಯನ್ನು ನಂಬಿ ಖರ್ಚು ಮಾಡಬೇಡಿ. ಮಾದರಿ ಯಾರದು, ಯಾರ ಎದುರು ತೆಗೆದದ್ದು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿರುವುದಿಲ್ಲ.

ನ್ಯಾಯಾಲಯ ಕೇಳಿದ ಕೂಡಲೇ ಈ ಪರೀಕ್ಷೆಗೆ ಆದೇಶಿಸುವುದಿಲ್ಲ. ರಕ್ತಪರೀಕ್ಷೆಯನ್ನು ವಾಡಿಕೆಯಂತೆ ಆದೇಶಿಸಬಾರದು, ಮೇಲ್ನೋಟಕ್ಕೆ ಬಲವಾದ ಆಧಾರ ಇರಬೇಕು ಎಂದು ಸುಪ್ರೀಂ ಕೋರ್ಟ್ 1993ರಲ್ಲಿ ಹೇಳಿತು. ಆ ಎಚ್ಚರಿಕೆ ಇಂದಿಗೂ ಉಳಿದಿದೆ. ಮಗುವಿನ ಮೇಲೆ ಕಳಂಕ ಹೊರಿಸುವುದಕ್ಕೆ ಪರೀಕ್ಷೆ ಸಾಧನವಾಗಬಾರದು ಎಂಬುದು ಅದರ ಹಿಂದಿನ ಕಾಳಜಿ, ಅದು ಸರಿಯಾದ ಕಾಳಜಿಯೂ ಹೌದು. ಆದರೆ 2014ರಲ್ಲಿ ಅದೇ ನ್ಯಾಯಾಲಯ, ಕಾನೂನಿನ ಊಹೆಗೂ ವಿಜ್ಞಾನದ ಖಚಿತ ಫಲಿತಾಂಶಕ್ಕೂ ವಿರೋಧ ಬಂದಾಗ ವಿಜ್ಞಾನದ ಮಾತು ನಿಲ್ಲಬೇಕು ಎಂದಿತು. ಆ ಪ್ರಕರಣದಲ್ಲಿ ಫಲಿತಾಂಶ ಗಂಡನ ಪರವಾಗಿತ್ತು. ಎಂದರೆ ಈ ಪರೀಕ್ಷೆ ಎರಡೂ ಕಡೆ ಕಡಿಯುವ ಕತ್ತಿ. ಮದುವೆಯೊಳಗೆ ಹುಟ್ಟಿದ ಮಗುವಿನ ತಾಯಿ ಕಾನೂನಿನ ಊಹೆಯ ಬಲವನ್ನು ಬಿಟ್ಟು ತಾನಾಗಿ ಪರೀಕ್ಷೆ ಕೇಳುವ ಅಗತ್ಯ ಹೆಚ್ಚಾಗಿ ಇರುವುದಿಲ್ಲ. ಅವಿವಾಹಿತ ತಾಯಿಗೆ ಮಾತ್ರ ಅದು ದೊಡ್ಡ ಆಸರೆ.

ನ್ಯಾಯಾಲಯ ಆದೇಶಿಸಿದ ಮೇಲೂ ಅವನು ಮಾದರಿ ಕೊಡಲು ಒಪ್ಪದಿದ್ದರೆ ಅವನನ್ನು ಹಿಡಿದು ರಕ್ತ ತೆಗೆಯುವಂತಿಲ್ಲ. ಆದರೆ ನಿರಾಕರಣೆಯನ್ನೇ ನ್ಯಾಯಾಲಯ ಅವನ ವಿರುದ್ಧ ಪರಿಗಣಿಸಬಹುದು. ಜೀವನಾಂಶದ ಪ್ರಕರಣವೊಂದರಲ್ಲಿ ಪರೀಕ್ಷೆಗೆ ಒಪ್ಪದವನಿಗೆ ಪಿತೃತ್ವವನ್ನು ಪ್ರಶ್ನಿಸುವ ಹಕ್ಕಿಲ್ಲ ಎಂದು ಸುಪ್ರೀಂ ಕೋರ್ಟ್ 1999ರಲ್ಲಿಯೇ ಹೇಳಿದೆ. ಹಾಗಾಗಿ ‘ಅವನು ಬರುವುದೇ ಇಲ್ಲ, ಪರೀಕ್ಷೆ ಹೇಗೆ’ ಎಂದು ಅರ್ಜಿಯನ್ನೇ ಕೈಬಿಡಬೇಕಿಲ್ಲ.

ಅರ್ಜಿ ಎಲ್ಲಿ, ನೋಟಿಸ್ ಹೇಗೆ

ಕುಟುಂಬ ನ್ಯಾಯಾಲಯ ಇರುವಲ್ಲಿ ಅದಕ್ಕೆ, ಇಲ್ಲದಲ್ಲಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸಬೇಕು. ಯಾವ ಊರಿನದು ಎಂಬಲ್ಲಿ ಒಂದು ಸೂಕ್ಷ್ಮವಿದೆ. ಹೆಂಡತಿಯಾದರೆ ತಾನು ವಾಸವಿರುವ ಜಿಲ್ಲೆಯಲ್ಲಿಯೇ ಸಲ್ಲಿಸಬಹುದು. ಅವಿವಾಹಿತ ತಾಯಿಯ ಮಗುವಿನ ಅರ್ಜಿಗೆ ನಾಗರಿಕ ಸುರಕ್ಷಾ ಸಂಹಿತೆಯ 145ನೇ ಕಲಂ ಹೇಳುವ ಜಾಗಗಳೆಂದರೆ ತಂದೆ ಇರುವ ಅಥವಾ ವಾಸಿಸುವ ಜಿಲ್ಲೆ, ಇಲ್ಲವೇ ಅವನು ಆ ತಾಯಿಯೊಂದಿಗೆ ಕೊನೆಯದಾಗಿ ವಾಸಿಸಿದ ಜಿಲ್ಲೆ. ಗೋಣಿಕೊಪ್ಪದಲ್ಲಿ ಒಟ್ಟಿಗಿದ್ದು ಆಮೇಲೆ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣದ ತವರಿಗೆ ಹೋದ ತಾಯಿ, ಕೊಡಗಿನಲ್ಲಿಯೇ ಅರ್ಜಿ ಹಾಕಿದರೆ ಅಧಿಕಾರ ವ್ಯಾಪ್ತಿಯ ತಕರಾರಿನಲ್ಲಿ ಕಾಲ ಕಳೆಯುವುದು ತಪ್ಪುತ್ತದೆ. ವಕೀಲರ ಖರ್ಚಿಗೆ ಹೆದರಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನ ಪ್ರಕಾರ ಹೆಂಗಸರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ ಕೇಳಿದರೆ ಸಾಕು, 15100ಕ್ಕೆ ಕರೆಮಾಡಿಯೂ ಕೇಳಬಹುದು.

ಮನೆಗೆ ಹೋದ ನೋಟಿಸನ್ನು ಮನೆಯವರು ‘ಅವನಿಲ್ಲ’ ಎಂದು ಮರಳಿಸುವುದು ಇಂಥ ಪ್ರಕರಣಗಳಲ್ಲಿ ಮಾಮೂಲು. ಸೈನಿಕನಿಗೆ ಸಮನ್ಸನ್ನು ಅವನ ಕಮಾಂಡಿಂಗ್ ಆಫೀಸರ್ ಮೂಲಕ ಕಳುಹಿಸುವ ವ್ಯವಸ್ಥೆ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿದೆ, ಸರ್ಕಾರಿ ನೌಕರನಿಗೆ ಅವನ ಕಚೇರಿಯ ಮುಖ್ಯಸ್ಥರ ಮೂಲಕ ಕಳುಹಿಸುವುದಕ್ಕೆ ಸುರಕ್ಷಾ ಸಂಹಿತೆಯಲ್ಲಿಯೂ ಅವಕಾಶವಿದೆ. ಅದಕ್ಕೆ ಬೇಕಾದದ್ದು ಅವನ ಸೈನಿಕ ನಂಬರ್, ರ‍್ಯಾಂಕ್, ಪೂರ್ಣ ಹೆಸರು, ಘಟಕ ಮತ್ತು ‘ಕೇರ್ ಆಫ್ 56 ಎಪಿಒ’ ಅಥವಾ ‘99 ಎಪಿಒ’ ಎಂದು ಕೊನೆಗೊಳ್ಳುವ ಸೇನಾ ಅಂಚೆ ವಿಳಾಸ. ಘಟಕ ಗೊತ್ತಿಲ್ಲದಿದ್ದರೂ ರೆಜಿಮೆಂಟ್ ಗೊತ್ತಿದ್ದರೆ ಸೈನಿಕರ ಸೇವಾ ದಾಖಲೆಗಳನ್ನು ಇಡುವ ಅದರ ರೆಕಾರ್ಡ್ ಆಫೀಸಿಗೆ ಬರೆಯಬಹುದು. ಮದ್ರಾಸ್ ಎಂಜಿನಿಯರ್ ಗ್ರೂಪಿನ ಕೇಂದ್ರ ಬೆಂಗಳೂರಿನಲ್ಲಿದೆ, ಮರಾಠಾ ಲೈಟ್ ಇನ್‌ಫೆಂಟ್ರಿಯದು ಬೆಳಗಾವಿಯಲ್ಲಿ, ಮದ್ರಾಸ್ ರೆಜಿಮೆಂಟಿನದು ವೆಲ್ಲಿಂಗ್ಟನ್ನಿನಲ್ಲಿ. ಹಳೆಯ ಪತ್ರದ ಲಕೋಟೆ, ಕ್ಯಾಂಟೀನ್ ಕಾರ್ಡಿನ ಫೋಟೋ, ಟ್ರಂಕಿನ ಮೇಲೆ ಬಣ್ಣದಲ್ಲಿ ಬರೆದ ಹೆಸರು ಮತ್ತು ನಂಬರ್, ಇವುಗಳಲ್ಲಿ ಏನಾದರೂ ಒಂದು ಸಿಕ್ಕರೂ ದಾರಿ ತೆರೆಯುತ್ತದೆ. ಯುದ್ಧದಂಥ ವಿಶೇಷ ಪರಿಸ್ಥಿತಿಯಲ್ಲಿ ಸೇವೆಯಲ್ಲಿರುವ ಸೈನಿಕನ ವಿರುದ್ಧದ ಸಿವಿಲ್ ವ್ಯವಹಾರಗಳನ್ನು ತಡೆಹಿಡಿಯಲು 1925ರ ಸೈನಿಕರ ವ್ಯಾಜ್ಯ ಕಾಯ್ದೆ ಅವಕಾಶ ಕೊಡುತ್ತದೆ. ಆದರೆ ಅದಕ್ಕೆ ಅಧಿಕಾರಿಯ ಪ್ರಮಾಣಪತ್ರ ಬೇಕು, ‘ರಜೆ ಸಿಗುತ್ತಿಲ್ಲ’ ಎಂಬ ಬಾಯಿಮಾತು ಸಾಲದು.

ಊರಿನಲ್ಲಿ ಸಮವಸ್ತ್ರ ತೊಟ್ಟವರೆಲ್ಲರೂ ‘ಮಿಲಿಟರಿಯವರೇ’. ಕಾನೂನಿಗೆ ಹಾಗಲ್ಲ. ಬಿಎಸ್‌ಎಫ್, ಸಿಆರ್‌ಪಿಎಫ್, ಸಿಐಎಸ್‌ಎಫ್‌ನವರು ಗೃಹ ಸಚಿವಾಲಯದ ಕೆಳಗಿನವರು, ಅವರಿಗೆ ಸೇನಾ ಕಾಯ್ದೆ ಅನ್ವಯಿಸುವುದಿಲ್ಲ. ನೌಕಾಪಡೆಗೆ 1957ರ ಕಾಯ್ದೆ, ವಾಯುಪಡೆಗೆ 1950ರ ಪ್ರತ್ಯೇಕ ಕಾಯ್ದೆ ಇದೆ. ಅವನು ಯಾವ ಪಡೆಯವನು ಎಂಬುದನ್ನು ಅರ್ಜಿಯ ಮೊದಲ ಸಾಲಿನಲ್ಲಿಯೇ ಸರಿಯಾಗಿ ಬರೆಯಬೇಕು.

ಹಣ ಎಷ್ಟು, ಬರುವುದು ಹೇಗೆ

ಅರ್ಜಿಯ ಜೊತೆಯಲ್ಲಿಯೇ ಮಧ್ಯಂತರ ಜೀವನಾಂಶವನ್ನು ಕೇಳಬೇಕು. ನೋಟಿಸ್ ತಲುಪಿದ ದಿನದಿಂದ ಸಾಧ್ಯವಾದಮಟ್ಟಿಗೆ 60 ದಿನಗಳಲ್ಲಿ ಅದನ್ನು ತೀರ್ಮಾನಿಸಬೇಕೆಂದು ಕಾನೂನು ಹೇಳುತ್ತದೆ. ಹಿಂದೆ ತಿಂಗಳಿಗೆ 500 ರೂಪಾಯಿ ಮೀರಬಾರದು ಎಂಬ ಮಿತಿ ಇತ್ತು, 2001ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಎರಡೂ ಕಡೆಯವರು ಆಸ್ತಿ, ಆದಾಯ, ಖರ್ಚುಗಳ ಅಫಿಡವಿಟ್ ಸಲ್ಲಿಸಬೇಕು ಮತ್ತು ಜೀವನಾಂಶವನ್ನು ಅರ್ಜಿ ಸಲ್ಲಿಸಿದ ದಿನದಿಂದ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2020ರ ನವೆಂಬರ್ 4ರಂದು ಇಡೀ ದೇಶಕ್ಕೆ ಅನ್ವಯಿಸುವಂತೆ ನಿರ್ದೇಶಿಸಿದೆ. ಸೈನಿಕನ ಸಂಬಳದ ಚೀಟಿ ಆ ಮೂಲಕವೇ ಹೊರಗೆ ಬರುತ್ತದೆ.

ಸೇನೆಯ ಒಳಗಿನ ದಾರಿ ಬೇರೆ. ತಾಯಿ ಕಮಾಂಡಿಂಗ್ ಆಫೀಸರಿಗೆ ದಾಖಲೆಗಳೊಂದಿಗೆ ಬರೆದರೆ, ಸೈನಿಕನಿಂದ ವಿವರಣೆ ಕೇಳಿ, ಕಾರಣ ಕೇಳುವ ನೋಟಿಸ್ ಕೊಟ್ಟು, ಕಡತವನ್ನು ಮೇಲಿನ ಹಂತಗಳಿಗೆ ಕಳುಹಿಸುತ್ತಾರೆ. ಮಂಜೂರಾತಿಯ ಅಧಿಕಾರ ಇರುವುದು ಕಮಾಂಡ್ ಮಟ್ಟದ ಹಿರಿಯ ಅಧಿಕಾರಿಗೆ. 2001ರ ಸೇನಾ ಆದೇಶದ ಪ್ರಕಾರ ಹೆಂಡತಿಗೆ ಸಂಬಳ ಮತ್ತು ಭತ್ಯೆಗಳ ಶೇ. 22, ಪ್ರತಿ ಮಗುವಿಗೆ ಶೇ. 5.5, ಎಲ್ಲ ಸೇರಿ ಶೇ. 33 ಮೀರುವಂತಿಲ್ಲ. ಸಂಬಳ ಮತ್ತು ಭತ್ಯೆ 60,000 ರೂಪಾಯಿ ಎಂದು ಭಾವಿಸಿದರೆ, ಹೆಂಡತಿ ಮತ್ತು ಒಂದು ಮಗುವಿಗೆ ಒಟ್ಟು 16,500 ರೂಪಾಯಿವರೆಗೆ ಸಿಗಬಹುದು. ಅವಿವಾಹಿತ ತಾಯಿಯ ಮಗುವಿಗಾದರೆ ಅದೇ ಲೆಕ್ಕದಲ್ಲಿ 3,300 ರೂಪಾಯಿ ಮಾತ್ರ. ಈ ಕಾರಣಕ್ಕಾಗಿಯೇ, ಮದುವೆಯಾದವರಿಗೆ ಸೇನೆಯ ದಾರಿ ತ್ವರಿತ ಆಸರೆಯಾದರೂ, ಅವಿವಾಹಿತ ತಾಯಿ ಅದನ್ನಷ್ಟೇ ನಂಬಿ ಕೂರಬಾರದು ಎಂದು ನಾನು ಹೇಳುತ್ತೇನೆ. ಈ ಶೇಕಡಾವಾರು ಮಿತಿ ಸೇನೆಯ ಅಧಿಕಾರಿಗೆ ಹಾಕಿದ್ದು, ನ್ಯಾಯಾಲಯಕ್ಕಲ್ಲ. ಮಗುವಿನ ಅಗತ್ಯ ಮತ್ತು ತಂದೆಯ ಶಕ್ತಿ ನೋಡಿ ನ್ಯಾಯಾಲಯ ಹೆಚ್ಚಿನ ಮೊತ್ತವನ್ನು ಗೊತ್ತುಮಾಡಬಹುದು.

ಆದೇಶ ಬಂದ ಮೇಲೆ ಎದುರಾಗುವ ತೊಡಕು ಸೈನಿಕರ ಪ್ರಕರಣಗಳಿಗೇ ವಿಶಿಷ್ಟವಾದದ್ದು. ಸಾಮಾನ್ಯ ನೌಕರನ ಸಂಬಳದ ಒಂದು ಭಾಗವನ್ನು ಜೀವನಾಂಶಕ್ಕಾಗಿ ನ್ಯಾಯಾಲಯ ಜಪ್ತಿ ಮಾಡಬಹುದು. ಸೈನಿಕನ ಸಂಬಳ, ಭತ್ಯೆಗಳನ್ನು ಸಿವಿಲ್ ಅಥವಾ ಕಂದಾಯ ನ್ಯಾಯಾಲಯ ಜಪ್ತಿ ಮಾಡುವಂತಿಲ್ಲ ಎಂದು ಸೇನಾ ಕಾಯ್ದೆಯ 28ನೇ ಕಲಂ ಹೇಳುತ್ತದೆ. ಇದನ್ನು ಕೇಳಿ ‘ಹಾಗಾದರೆ ಆದೇಶಕ್ಕೆ ಬೆಲೆಯೇ ಇಲ್ಲ’ ಎಂದು ಕೈಚೆಲ್ಲುವವರಿದ್ದಾರೆ. ಆದರೆ ಹೊರಗಿನಿಂದ ಜಪ್ತಿ ಮಾಡಲಾಗದ್ದನ್ನು ಒಳಗಿನಿಂದ ಕಡಿತ ಮಾಡುವ ಅಧಿಕಾರ ಆರಂಭದಲ್ಲಿ ಹೇಳಿದ 90 ಮತ್ತು 91ನೇ ಕಲಮುಗಳಲ್ಲಿದೆ. ಆದ್ದರಿಂದ ಆದೇಶದ ದೃಢೀಕೃತ ಪ್ರತಿಯನ್ನು ಕಮಾಂಡಿಂಗ್ ಆಫೀಸರಿಗೂ ರೆಕಾರ್ಡ್ ಆಫೀಸಿಗೂ, ತಾಯಿಯ ಬ್ಯಾಂಕ್ ಖಾತೆಯ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಕೋಡಿನೊಂದಿಗೆ, ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀದಿಯನ್ನು ಇಟ್ಟುಕೊಳ್ಳಬೇಕು. ಆದೇಶದಲ್ಲಿ ಸೈನಿಕ ನಂಬರ್, ಮಾಸಿಕ ಮೊತ್ತ, ಯಾವ ದಿನಾಂಕದಿಂದ ಎಂಬ ಮೂರೂ ಸ್ಪಷ್ಟವಾಗಿರುವಂತೆ ವಕೀಲರು ಮೊದಲೇ ನೋಡಿಕೊಳ್ಳಬೇಕು. ನಂಬರಿಲ್ಲದ ಆದೇಶ ಸೇನೆಯ ಕಚೇರಿಯಲ್ಲಿ ಪ್ರಶ್ನೆಯೊಂದಿಗೆ ಮರಳಿ ಬರುತ್ತದೆ, ತಾಯಿಯ ಆರು ತಿಂಗಳು ಹೀಗೇ ಕಳೆದುಹೋದದ್ದನ್ನು ನೋಡಿದ್ದೇನೆ.

ಬಾಕಿ ಬೆಳೆಯುತ್ತಾ ಹೋದರೆ ಒಂದು ಗಡುವನ್ನು ಮರೆಯಬಾರದು. ವಾರಂಟ್ ಮೂಲಕ ವಸೂಲಿ ಕೇಳುವ ಅರ್ಜಿಯನ್ನು ಆ ಮೊತ್ತ ಬಾಕಿಯಾದ ದಿನದಿಂದ ಒಂದು ವರ್ಷದೊಳಗೆ ಸಲ್ಲಿಸಬೇಕು. ‘ಮುಂದಿನ ರಜೆಗೆ ಬಂದಾಗ ಒಟ್ಟಿಗೆ ಕೊಡುತ್ತೇನೆ’ ಎಂಬ ಮಾತನ್ನು ನಂಬಿ ಎರಡು ವರ್ಷ ಕಾಯುವುದು ಈ ಕಾರಣಕ್ಕೆ ಅಪಾಯ. ಸೈನಿಕರು ಚಿಕ್ಕ ವಯಸ್ಸಿನಲ್ಲಿಯೇ ನಿವೃತ್ತರಾಗುವುದರಿಂದ, ಪ್ರಕರಣ ನಡೆಯುತ್ತಿರುವಾಗಲೇ ಅವನು ಪಿಂಚಣಿಯೊಂದಿಗೆ ಊರಿಗೆ ಮರಳುವುದೂ ಉಂಟು. ಆಗ ಸೇನೆಯ ಸಂಬಳ ಕಡಿತದ ದಾರಿ ಮುಚ್ಚುತ್ತದೆ, ಆದರೆ ಆದೇಶ ಉಳಿಯುತ್ತದೆ. ಅವನು ಊರಿನಲ್ಲಿಯೇ ಇರುವುದರಿಂದ ವಾರಂಟ್ ಜಾರಿಯೂ ಸುಲಭವಾಗುತ್ತದೆ. ಪಾವತಿಸದ ಒಂದೊಂದು ತಿಂಗಳಿಗೂ ಒಂದು ತಿಂಗಳವರೆಗೆ ಸೆರೆವಾಸ ವಿಧಿಸುವ ಅಧಿಕಾರ ನ್ಯಾಯಾಲಯಕ್ಕಿದೆ.

144ನೇ ಕಲಮಿನ ಆದೇಶ ಮಗುವಿಗೆ 18 ತುಂಬುವವರೆಗಿನದು, ಅಂಗವೈಕಲ್ಯದಿಂದ ದುಡಿಯಲಾಗದ ಮಗುವಿಗೆ ಆಮೇಲೂ ಮುಂದುವರಿಯುತ್ತದೆ. ಹಿಂದೂ ಅವಿವಾಹಿತ ಮಗಳು 18ರ ನಂತರವೂ 1956ರ ಕಾಯ್ದೆಯ ಕೆಳಗೆ ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ವಿವರಿಸಿದೆ. ಇನ್ನು ಆಸ್ತಿಯ ಪ್ರಶ್ನೆ ಬಂದರೆ ಜೀವನಾಂಶದ ಆದೇಶವೊಂದೇ ಸಾಲದು, ಏಕೆಂದರೆ ಅದು ಹೊಟ್ಟೆಬಟ್ಟೆಗಾಗಿ ಮಾಡಿದ ಸಂಕ್ಷಿಪ್ತ ವಿಚಾರಣೆಯ ಫಲ. ಮಗುವಿನ ಸ್ಥಾನಮಾನವನ್ನು ಘೋಷಿಸುವಂತೆ ಕೋರಿ ಪ್ರತ್ಯೇಕ ದಾವೆ ಹೂಡಬೇಕು. ಮೊದಲ ಹೆಂಡತಿ ಇರುವಾಗ ಸೈನಿಕ ಎರಡನೆಯ ಮದುವೆಯಾಗಿ ಆ ಮದುವೆ ಅಸಿಂಧುವಾಗಿದ್ದರೂ, ಹಿಂದೂ ವಿವಾಹ ಕಾಯ್ದೆಯ 16ನೇ ಕಲಂ ಆ ಮಕ್ಕಳನ್ನು ಔರಸರೆಂದೇ ಎಣಿಸುತ್ತದೆ, ಮತ್ತು ತಂದೆಯ ಪಾಲಿಗೆ ಬರುವ ಆಸ್ತಿಯಲ್ಲಿ ಅವರಿಗೆ ಹಕ್ಕಿದೆ ಎಂದು ಕರ್ನಾಟಕದಿಂದ ಹೋದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರ್ 1ರಂದು ತೀರ್ಪಿತ್ತಿದೆ. ಮದುವೆಯೇ ನಡೆಯದ ಸಂಬಂಧದ ಮಕ್ಕಳಿಗೆ ಈ 16ನೇ ಕಲಮಿನ ರಕ್ಷಣೆ ಸಿಗುವುದಿಲ್ಲ. ಆದ್ದರಿಂದ ದೇವಸ್ಥಾನದಲ್ಲಿಯೋ ಮನೆಯಲ್ಲಿಯೋ ಯಾವುದಾದರೂ ವಿಧಿ ನಡೆದಿದ್ದರೆ ಅದರ ಫೋಟೋ, ಸಾಕ್ಷಿಗಳ ಹೆಸರು, ದಿನಾಂಕಗಳನ್ನು ಜೀವನಾಂಶದ ಅರ್ಜಿಯ ಹೊತ್ತಿಗೇ ಒಟ್ಟುಗೂಡಿಸಿ ವಕೀಲರ ಕೈಗೆ ಕೊಡುವುದು ಒಳ್ಳೆಯದು.